ಕೂಗದೆ ಉಳಿದ ಹೆಸರು

ನೀರು ಸಿಹಿಯಾಗಿದೆ ಎಂದು ಎಲ್ಲರೂ ಹೇಳಿಯಾಗಿತ್ತು, ಓಲ್ಮಾ ಒಬ್ಬಳೇ ಬಾಕಿ. ಕುವಾಲಿ ಸೋರೆಬುರುಡೆಯನ್ನು ಅವಳ ಬಾಯಿಯ ಹತ್ತಿರವೇ ಹಿಡಿದು, "ಕುಡಿಯಕ್ಕ, ನಿಮ್ಮನೆ ಕೆಳಗಿನ ನೀರು, ನೀನೇ ಕುಡೀದಿದ್ರೆ ಹೆಂಗೆ?" ಎಂದಳು. ದೇವಿ ಸುಯಾಲೆ ಕೂತು ಮನೆಯಿಂದ ಮನೆಗೆ ಸರದಿಯಲ್ಲಿ ಹೋಗುವ ಪರದೆಯ ಗೂಡನ್ನು ದೋಣಿಯಿಂದ ಇಳಿಸಿ ಒಳಕೋಣೆಯಲ್ಲಿಟ್ಟು ಬಂದಿದ್ದ ಕೇರಿಯ ಹೆಂಗಸರು ಅಟ್ಟಣೆಯ ಹಲಗೆಗಳ ಮೇಲೆ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ನಿಂತಿದ್ದರು. ಹಲಗೆಗಳ ಸಂದಿನಲ್ಲಿ ಕೆಳಗಿನ ಜೌಗುನೀರು ಹಸಿರಾಗಿ ಕಾಣುತ್ತಿತ್ತು. ದೇವಿ ಯಾರ ಮನೆಯಲ್ಲಿ ಕೂತಿರುತ್ತಾಳೋ ಆ ಮನೆಯ ಕಂಬಗಳ ಬುಡದ ನೀರು ಸಿಹಿಯಾಗುತ್ತದೆ, ಅದನ್ನು ಎಲ್ಲರೂ ಕುಡಿದು ಬಾಯಿಬಿಟ್ಟು ಹೇಳಬೇಕು. ಓಲ್ಮಾ ಕುಡಿದಳು. ಉಪ್ಪು. ಗಂಟಲು ಕೆರೆಯುವಷ್ಟು ಉಪ್ಪು. "ಸಿಹಿ" ಎಂದಳು. ಈ ಮನೆಗೆ ಮದುವೆಯಾಗಿ ಬಂದ ಹೊಸದರಲ್ಲಿ ಮೊದಲ ಸಲ ಹೀಗೆ ಕುಡಿದಾಗ ತನ್ನ ನಾಲಗೆಯೇ ಕೆಟ್ಟಿದೆ ಎಂದುಕೊಂಡು, ಹಿತ್ತಲಿನ ಹಲಗೆಯ ಮೇಲೆ ಕೂತು ಬೂದಿಯಿಂದ ನಾಲಗೆ ಉಜ್ಜಿ ಉಜ್ಜಿ ರಕ್ತ ಬರಿಸಿಕೊಂಡಿದ್ದಳು. ಅತ್ತೆ ಹಬೂರೆ ಬಂದು ನೋಡಿ, "ಏನೇ ಅದು, ನಾಲಿಗೆ ಕಿತ್ತು ಸಾರಿಗೆ ಹಾಕ್ತೀಯಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೋಗಿದ್ದಳು.

ಹೊರಡುವ ಮೊದಲು ಹೆಂಗಸರು ಕುವಾಲಿಯನ್ನು ಹಿಡಿದುಕೊಂಡರು. ನಿನ್ನೆಯವರೆಗೆ ಗೂಡು ಇದ್ದದ್ದು ಅವಳ ಮನೆಯಲ್ಲಿ. "ಕೆನ್ನೆ ನೋಡ್ರೇ ಇವಳದು! ಸುಯಾಲವ್ವನ ಸೇವೆ ಮಾಡಿದ್ಲೋ, ಸುಯಾಲವ್ವನೇ ಇವಳ ಸೇವೆ ಮಾಡಿದ್ಲೋ?" ಎಂದು ಒಬ್ಬಳು ಕುವಾಲಿಯ ಗಲ್ಲ ಹಿಂಡಿದಳು. ಗೂಡು ಬಂದು ಹೋದ ಮನೆಯ ಸೊಸೆ ಮೈ ತುಂಬಿಕೊಳ್ಳುತ್ತಾಳೆ ಎನ್ನುವುದು ಕೇರಿಯಲ್ಲಿ ಹಳೆಯ ಮಾತು, ಅದು ದೇವಿಯ ಕೃಪೆ. ಕುವಾಲಿ ನಕ್ಕಳು, ಆದರೆ ಯಾರ ಮುಖವನ್ನೂ ನೋಡಲಿಲ್ಲ. ದೋಣಿ ಹತ್ತುವಾಗ ಮಾತ್ರ ತಿರುಗಿ, "ಅಕ್ಕ, ಪರದೆ ಗಂಟು ಬಿಗಿಯಾಗಿ ಹಾಕಿದೀನಿ. ಬಿಚ್ಚೋ ಕೆಲಸ ಏನಿಲ್ಲ, ಅಲ್ವಾ? ಗಂಜಿ ಬಟ್ಟಲು ಕೆಳಗಿಂದಾನೇ ತಳ್ಳಿದ್ರೆ ಸಾಕು" ಎಂದಳು. ಇವಳು ತನಗೆ ಯಾಕೆ ಹೇಳುತ್ತಿದ್ದಾಳೆ? ತನ್ನ ಮೇಲೆ ಅನುಮಾನವೇ? ಹುಟ್ಟು ನೀರು ಸೀಳುವ ಶಬ್ದ ದೂರವಾಗುವವರೆಗೂ ಓಲ್ಮಾ ಅಲ್ಲೇ ನಿಂತಿದ್ದಳು. ಎಲ್ಲರಿಗೂ ಗೊತ್ತಾಗಿಹೋಗಿದೆ, ತನ್ನೆದುರು ಮಾತ್ರ ಆಡುತ್ತಿಲ್ಲ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿದೆ. ಸಂತೆದೋಣಿಯಲ್ಲಿ ಯಾರಾದರೂ ಅವಳ ಪಕ್ಕದಿಂದ ಎದ್ದು ಬೇರೆ ಕಡೆ ಕೂತರೂ ಸಾಕು, ಅವತ್ತಿಡೀ ಊಟ ಸೇರುತ್ತಿರಲಿಲ್ಲ.

ಗೊತ್ತಾಗಬೇಕಾದ್ದು ಇಷ್ಟೇ: ಸುಯಾಲೆ ಸತ್ತುಹೋಗಿದ್ದಾಳೆ. ಓಲ್ಮಾಳ ಕೈಯಲ್ಲೇ ಸತ್ತದ್ದು. ಕಳೆದ ಸರದಿಯಲ್ಲಿ ಗೂಡು ಬಂದಾಗ ಹಬೂರೆಗೆ ಮಂಡಿ ಹಿಡಿದು ಕೂರಲು ಏಳಲು ಆಗುತ್ತಿರಲಿಲ್ಲ, ಮೊದಲ ಸಲ ಸೇವೆ ಸೊಸೆಗೆ ಬಂದಿತ್ತು. ಮನೆಗೊಬ್ಬಳೇ ಹೆಂಗಸು ಸೇವೆ ಮಾಡಬೇಕು, ಗೂಡು ಇಟ್ಟ ಮೇಲೆ ಸಾಯುವವರು, ಸಾವಿನ ದುಃಖದಲ್ಲಿರುವವರು ಬಿಟ್ಟರೆ ಬೇರೆಯವರು ಒಳಕೋಣೆಯ ಹೊಸ್ತಿಲು ದಾಟುವಂತಿಲ್ಲ. ಬಂದ ದಿನವೇ ಗಂಡ ತೆರೀಕನ ಜೊತೆ ಏನೋ ಒಂದು ಕ್ಷುಲ್ಲಕ ಜಗಳ, ಹಾವುಮೀನಿನ ಬುಟ್ಟಿಯನ್ನು ಬಿಸಿಲಿಗೆ ಇಟ್ಟದ್ದು ಯಾರು ಅಂತ. ಆ ಸಿಟ್ಟಿನಲ್ಲಿ ಸಂಜೆಯ ಗಂಜಿ ಇಡುವುದನ್ನೇ ಮರೆತು ಮುಸುಕೆಳೆದು ಮಲಗಿಬಿಟ್ಟಿದ್ದಳು. ಬೆಳಿಗ್ಗೆ ಎದ್ದು ನೆನಪಾಗಿ ಓಡಿಹೋಗಿ ಬಟ್ಟಲು ತಳ್ಳಿದರೆ ಬಟ್ಟಲು ಹಾಗೇ ಇತ್ತು. ಮಧ್ಯಾಹ್ನವೂ ಹಾಗೇ. ಸಂಜೆಗೆ ಗಂಜಿಯ ಮೇಲೆ ಕೆನೆ ಕಟ್ಟಿ ಒಂದು ನೊಣ ಸತ್ತುಬಿದ್ದಿತ್ತು. ಪರದೆಯನ್ನು ಒಂದೇ ಬೆರಳಗಲ ಸರಿಸಿ ನೋಡಿದಳು. ಒಂದು ಪುಟ್ಟ ಮುದುಕಿ, ಒಣಗಿದ ಜೊಂಡಿನಂತೆ, ಮೊಣಕಾಲಿನ ಮೇಲೆ ಗಲ್ಲವಿಟ್ಟುಕೊಂಡು ಕೂತಿದ್ದಳು. ರೆಪ್ಪೆಯ ಮೇಲೆ ಧೂಳು. ಒಂದು ಹೊತ್ತಿನ ಗಂಜಿ ತಪ್ಪಿದ್ದಕ್ಕೆ ಇಷ್ಟು ಒಣಗುತ್ತಾರೆಯೇ? ದೇವರ ಸಾವು ಹೇಗಿರುತ್ತದೆಂದು ಕಂಡವರು ಯಾರು? ಪರದೆ ಮುಚ್ಚಿ ಗಂಟು ಹಾಕಿದಳು. ಆಮೇಲೆ, ಅಯ್ಯೋ, ಅದನ್ನು ನೆನೆಸಿಕೊಂಡರೆ ಇವತ್ತಿಗೂ ಅವಳಿಗೆ ಕಿವಿಯವರೆಗೆ ಬಿಸಿಯೇರುತ್ತದೆ, ಬಟ್ಟಲು ತುಂಬಿದ್ದರೆ ಮನೆಯವರಿಗೆ ತಿಳಿದೀತೆಂದು ಗಂಜಿಯನ್ನು ಅಲ್ಲೇ ಕುಕ್ಕರಗಾಲಲ್ಲಿ ಕೂತು ತಾನೇ ತಿಂದಳು. ಕೆಸರಕ್ಕಿಯ ಗಂಜಿ, ಮೇಲೆ ಹೊಂಬಣ್ಣದ ಬಾತುಕೊಬ್ಬು. ಮನೆಯಲ್ಲಿ ಅವಳ ಪಾಲಿಗೆ ಬರುತ್ತಿದ್ದದ್ದು ತಳ ಹತ್ತಿದ್ದು, ಅದೂ ಎಲ್ಲರ ಊಟವಾದ ಮೇಲೆ. ಮೊದಲ ತುತ್ತು ಅಳುತ್ತಲೇ ನುಂಗಿದಳು. ಎರಡನೆಯದಕ್ಕೆ ಅಳು ನಿಂತಿತು. ರುಚಿಯಾಗಿತ್ತು, ಏನು ಮಾಡುವುದು. ಆಕಾಶದ ಎರಡು ಚಂದ್ರರಲ್ಲಿ ಚಿಕ್ಕದು ದೊಡ್ಡದನ್ನು ಹಿಂದೆ ಹಾಕಿ ಗೂಡು ಮುಂದಿನ ಮನೆಗೆ ಹೊರಡುವವರೆಗೂ ದಿನಾ ಹಾಗೇ ತಿಂದಳು. ಹೆಂಗಸರು ಅವಳ ಗಲ್ಲ ಹಿಂಡಿ ತಮಾಷೆ ಮಾಡಿದ್ದರು. ಕೊಂದವಳು ಕೊಬ್ಬಿದಳು ಎಂದು ಅವಳು ತನ್ನನ್ನು ತಾನೇ ಬೈದುಕೊಂಡಿದ್ದಳು.

"ಓಲ್ಮಾ! ಲೇ! ಬಂದ್ಲಾ?" ಒಳಗಿನಿಂದ ಹಬೂರೆಯ ಧ್ವನಿ. ಆ ಧ್ವನಿ ಈಗ ಬರೀ ಗಾಳಿ. ಮಳೆಗಾಲ ಮುಗಿದಾಗಿನಿಂದ ಮುದುಕಿ ಚಾಪೆ ಬಿಟ್ಟೆದ್ದಿಲ್ಲ. ಕಾಲು ಊದಿ, ಹೊಟ್ಟೆ ಊದಿ, ಎದೆಯಲ್ಲಿ ನೀರು ಗೊರಗೊರ ಎನ್ನುತ್ತಿತ್ತು. ಔಷಧಿಯವಳು ಬಂದು ನಾಡಿ ಹಿಡಿದು ಇದು ಯಾವಾಗಲೋ ನಿಲ್ಲಬೇಕಿತ್ತು, ಯಾಕೆ ನಿಂತಿಲ್ಲವೋ ಗೊತ್ತಿಲ್ಲ ಎಂದಿದ್ದಳು. ಯಾಕೆಂದು ಮನೆಯವರಿಗೆ ಗೊತ್ತಿತ್ತು. ಹಬೂರೆ ಗೂಡಿಗಾಗಿ ಕಾಯುತ್ತಿದ್ದಳು. ಸಾಯುವವರು ಕಣ್ಣು ಮುಚ್ಚಿ ಗೂಡಿನ ಪಕ್ಕದಲ್ಲಿ ಮಲಗಿದರೆ ಪರದೆಯ ಸಂದಿನಿಂದ ಸುಯಾಲೆಯ ಕೈ ಬಂದು ಹಣೆಯ ಮೇಲೆ ಕೂರುತ್ತದೆ, ಉಸಿರು ಸರಾಗವಾಗಿ ಹೋಗುತ್ತದೆ. ಗೂಡು ಮನೆಯಲ್ಲಿದ್ದಾಗಲೇ ಸಾಯುವ ಪುಣ್ಯ ಯಾರಿಗೆ ಸಿಗುತ್ತದೆ? "ಬಂದ್ಲು ಅತ್ತೆ" ಎಂದಳು ಓಲ್ಮಾ. "ಹಂಗಾದ್ರೆ ತಡ ಮಾಡ್ಬೇಡ. ನನ್ನ ಒಳಗೆ ಎಳ್ಕೊಂಡು ಹೋಗು." "ಈಗಲೇನಾ? ಸ್ವಲ್ಪ ಬಿಸಿ ಏನಾದ್ರೂ ಕುಡೀರಿ, ಅವರೂ ಬರ್ಲಿ..." "ಅವನು ಬಂದು ಏನು ಮಾಡ್ತಾನೆ? ಅಳ್ತಾನೆ. ನೋಡೋಕಾಗಲ್ಲ ನನಗೆ, ಅಳೋವಾಗ ಅವನ ಮುಖ ಅವರಪ್ಪನ ಥರಾನೇ ಆಗುತ್ತೆ. ಎಳಿ ಚಾಪೆ."

ಎಳೆದಳು. ಮುದುಕಿ ಒದ್ದೆ ಮರದ ಹಾಗೆ ಭಾರವಾಗಿದ್ದಳು. ಚಾಪೆ ಹಲಗೆಯ ಮೇಲೆ ಕರಕರ ಎನ್ನುತ್ತ ಸಾಗುವಾಗ ಓಲ್ಮಾ ಲೆಕ್ಕ ಹಾಕುತ್ತಿದ್ದಳು. ಹೇಳಿಬಿಡುವುದು. ಅತ್ತೆ, ಒಳಗೆ ಯಾರೂ ಇಲ್ಲ, ಅವಳನ್ನು ನಾನು ಉಪವಾಸ ಕೆಡವಿ ಕೊಂದೆ ಎನ್ನುವುದು. ಹೇಳಿದರೆ ಈ ಜೀವ ಇಷ್ಟು ದಿನ ಹಲ್ಲು ಕಚ್ಚಿ ಕಾದದ್ದು ಯಾತಕ್ಕೆ? ಬಾಯಿ ತೆರೆದುಕೊಂಡು, ಕಣ್ಣು ತೆರೆದುಕೊಂಡು, ಶಾಪ ಹಾಕುತ್ತ ಸಾಯುತ್ತಾಳೆ. ಹೇಳದಿದ್ದರೆ? ಕಣ್ಣು ಮುಚ್ಚಿ ಕಾಯುತ್ತಾಳೆ, ಕೈ ಬರುವುದಿಲ್ಲ, ದೇವಿಗೂ ತಾನು ಬೇಡವಾದೆನೆಂದು ಸಾಯುತ್ತಾಳೆ. ಆ ಕೈ ಎಂಥದೆಂದು ಓಲ್ಮಾಳಿಗೆ ಗೊತ್ತಿತ್ತು. ಕಳೆದ ಸರದಿಗೂ ಹಿಂದಿನ ಸರದಿಯಲ್ಲಿ, ಹಬೂರೆಯೇ ಸೇವೆ ಮಾಡುತ್ತಿದ್ದಾಗ, ಓಲ್ಮಾಳ ಮಗು ಪಿಯೂ ಜ್ವರದಲ್ಲಿ ಹೋಗಿತ್ತು. ಈ ಜೌಗಿನಲ್ಲಿ ಯಾರಾದರೂ ಸತ್ತರೆ ಮನೆಯ ಹೆಂಗಸು ಅಟ್ಟಣೆಯ ಮೇಲೆ ನಿಂತು ಸತ್ತವರ ಹೆಸರನ್ನು ಊಟಕ್ಕೆ ಕರೆಯುವಂತೆ ಕೂಗಬೇಕು. ಓ ಎನ್ನುವ ಉತ್ತರ ಬರದಿದ್ದಾಗ ಅಕ್ಕಪಕ್ಕದವರು ತೊಳೆಯುವುದಕ್ಕೆ ನೀರು ತರುತ್ತಾರೆ. ಕೂಗದಿದ್ದರೆ ಸತ್ತವರಿಗೆ ತಾವು ಸತ್ತದ್ದು ತಿಳಿಯುವುದಿಲ್ಲ, ಕೂತಲ್ಲೇ ಕೂತಿರುತ್ತಾರೆ. ಓಲ್ಮಾ ಅಟ್ಟಣೆಗೆ ಹೋಗಿ ನಿಂತಳು, ಧ್ವನಿ ಬರಲಿಲ್ಲ. ಬಾಯಿ ತೆರೆದಳು, ಮುಚ್ಚಿದಳು, ದಡಕ್ಕೆ ಬಿದ್ದ ಮೀನಿನ ಹಾಗೆ. ಹಬೂರೆ ಅವಳನ್ನು ಪಕ್ಕಕ್ಕೆ ತಳ್ಳಿ ತಾನೇ ಕೂಗಿದಳು, "ಪಿಯೂ, ಊಟಕ್ಕೆ ಬಾರೇ!" ಗಟ್ಟಿಯಾಗಿ, ಒರಟಾಗಿ, ಬಾತುಗಳನ್ನು ಕರೆಯುವ ಹಾಗೆ. ಆ ಕೂಗಿಗಾಗಿ ಓಲ್ಮಾ ಅತ್ತೆಯನ್ನು ಎಂದೂ ಕ್ಷಮಿಸಲಿಲ್ಲ. ಆ ಸಂಜೆ ಗೂಡಿನ ಪಕ್ಕದಲ್ಲಿ ಕಣ್ಣು ಮುಚ್ಚಿ ಬಿದ್ದುಕೊಂಡಿದ್ದಾಗ ಪರದೆಯ ಸಂದಿನಿಂದ ಕೈ ಬಂದು ಅವಳ ತಲೆಯ ಮೇಲೆ ಕೂತಿತ್ತು. ಬಿಸಿಯಾದ ಕೈ. ಹೆಬ್ಬೆರಳ ಬುಡ ಗಡಸು. ಅವಳು ಅತ್ತು ಅತ್ತು ನಿದ್ದೆ ಹೋಗುವವರೆಗೂ ಅದು ಕೂದಲು ನೇವರಿಸಿತ್ತು. ಇಡೀ ಬದುಕಿನಲ್ಲಿ ಅವಳಿಗೆ ಸಿಕ್ಕ ಒಂದೇ ಸಮಾಧಾನ ಅದು. ಅಂಥವಳನ್ನು ತಾನು ಕೊಂದೆ.

"ಕಣ್ಣು ಮುಚ್ಚಿದೀನಿ" ಎಂದಳು ಹಬೂರೆ. ಒಳಕೋಣೆ ಮಬ್ಬಾಗಿತ್ತು. ಸೇವೆ ಮಾಡುವವಳು ಈಗ ಹೊರಗೆ ಹೋಗಿ ಬಾಗಿಲು ಎಳೆದುಕೊಳ್ಳಬೇಕು. ಓಲ್ಮಾ ಬಾಗಿಲವರೆಗೆ ಹೋಗಿ ಅದನ್ನು ಸದ್ದಾಗುವಂತೆ ಎಳೆದಳು, ಹೊರಗೆ ಹೋಗಲಿಲ್ಲ. ತುದಿಗಾಲಲ್ಲಿ ನಡೆದು ಗೂಡನ್ನು ಸುತ್ತಿ ಹಿಂಬದಿಗೆ ಬಂದಳು. ಕುವಾಲಿ ಹಾಕಿದ ಗಂಟು ನಿಜಕ್ಕೂ ಬಿಗಿಯಾಗಿತ್ತು, ಹಲ್ಲಿನಿಂದ ಬಿಡಿಸಬೇಕಾಯಿತು. ಒಳಗೆ ನುಸುಳಿದಳು. ಕಳೆದ ಸಲ ಒಂದು ಬೆರಳಗಲದಲ್ಲಿ ಕಂಡದ್ದು ಈಗ ಮೊಣಕೈಗೆ ತಾಗುತ್ತಿತ್ತು. ಸುಯಾಲೆ ಹಾಗೇ ಕೂತಿದ್ದಳು, ಗಲ್ಲ ಮೊಣಕಾಲಿನ ಮೇಲೆ. ಕೂದಲನ್ನು ಯಾರೋ ಎಣ್ಣೆ ಹಚ್ಚಿ ಬಾಚಿದ್ದರು. ರೆಪ್ಪೆಯ ಮೇಲೆ ಧೂಳಿರಲಿಲ್ಲ. ಅವಳ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ. ಅಲ್ಲಿ ಮಾತ್ರ ಜೊಂಡಿನ ಚಾಪೆ ಸವೆದು, ಕುಕ್ಕರಗಾಲಲ್ಲಿ ಕೂತವರ ಎರಡು ಹಿಮ್ಮಡಿಗಳ ಗುಳಿ ಬಿದ್ದಿತ್ತು. ಓಲ್ಮಾ ತನ್ನ ಹಿಮ್ಮಡಿಗಳನ್ನು ಅದರಲ್ಲಿಟ್ಟಳು. ಸರಿಯಾಗಿ ಕೂತವು. ಇದು ಒಬ್ಬರು ಒಂದು ಸಲ ಕೂತು ಆದ ಗುಳಿಯಲ್ಲ. ಅದರ ಅರ್ಥ ತಲೆಗೆ ಹೋಗುವ ಮೊದಲೇ ಹೊರಗಿನಿಂದ ಹಬೂರೆ ಒಮ್ಮೆ ನರಳಿದಳು, ಓಲ್ಮಾ ಅವಸರದಿಂದ ಪರದೆಯ ಸಂದಿನಲ್ಲಿ ಕೈ ಚಾಚಿ ಆ ಹಣೆಯ ಮೇಲಿಟ್ಟಳು. ಹಣೆ ತಣ್ಣಗೆ, ಬೆವರಿತ್ತು. ಈ ಮನೆಗೆ ಬಂದ ಮೇಲೆ ಅತ್ತೆಯ ಕಾಲು ಒತ್ತಿದ್ದಳು, ಬೆನ್ನು ತಿಕ್ಕಿದ್ದಳು, ಮಲಮೂತ್ರ ಬಾಚಿದ್ದಳು. ಹಣೆ ಮುಟ್ಟಿದ್ದು ಇದೇ ಮೊದಲು.

ಎದೆ ಗೊರಗೊರ ಎಂದಿತು. ಆಮೇಲೆ ಹಬೂರೆ ಹೇಳಿದಳು, "ಕೈ ಯಾಕೆ ನಡುಗಿಸ್ತೀಯೇ? ಗಟ್ಟಿಯಾಗಿಡು. ನಾನು ನಿನ್ನ ತಲೆ ಮೇಲೆ ಹಿಂಗಾ ಇಟ್ಟಿದ್ದೆ?"

ಓಲ್ಮಾಳಿಗೆ ಕೈ ಹಿಂದಕ್ಕೆಳೆದುಕೊಳ್ಳಲೂ ಆಗಲಿಲ್ಲ, ಇಡಲೂ ಆಗಲಿಲ್ಲ. ಹೆಬ್ಬೆರಳ ಬುಡದ ಗಡಸು. ಈಳಿಗೆ ಹಿಡಿದು ಹಿಡಿದು ಹಬೂರೆಯ ಬಲಗೈಯಲ್ಲಿ ಕಟ್ಟಿದ ಜಡ್ಡು ಅದು. ದಿನಾ ಊಟಕ್ಕೆ ಬಡಿಸುವಾಗ ಕಣ್ಣೆದುರೇ ಇದ್ದ ಕೈ. "ಅತ್ತೆ..." ಎಂದಳು. "ನೀವಾ?" "ಮತ್ತಿನ್ಯಾರು? ಅಷ್ಟು ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದಕ್ಕೇ ಮಂಡಿ ಹೋಗಿದ್ದು ನನ್ನದು. ನೀನಂತೂ ಮಲಗೋ ಲಕ್ಷಣಾನೇ ಇರ್ಲಿಲ್ಲ." ಮುದುಕಿ ನಗಲು ಹೋಗಿ ಕೆಮ್ಮಿದಳು. ಓಲ್ಮಾ ಪರದೆ ಸರಿಸಿಕೊಂಡು ಹೊರಗೆ ಬಂದು ಅವಳನ್ನು ಎದೆಗೆ ಒರಗಿಸಿಕೊಂಡಳು. "ಹಾಗಾದ್ರೆ ಅವಳು ಆಗಲೇ..." "ಆಗಲೇ. ನನ್ನ ಕೈಲೇ ಹೋಗಿದ್ದು ಅಂದ್ಕೊಂಡಿದ್ದೆ ನಾನು. ನೈವೇದ್ಯದ ಮೊಟ್ಟೇಲಿ ಒಂದನ್ನ ಬಸುರೀಲಿ ಆಸೆ ತಡೀಲಾರ್ದೆ ತಿಂದುಬಿಟ್ಟಿದ್ದೆ. ಅದಕ್ಕೇ ಹೋದ್ಲು ಅಂದ್ಕೊಂಡು ಅರ್ಧ ಆಯುಷ್ಯ ಕಳೆದೆ." "ಮತ್ತೆ?" "ಮತ್ತೇನು, ನಿನ್ನ ಸರದೀಲಿ ನೀನು ಬಟ್ಟಲು ತೊಳೆಯೋಕೆ ಬಂದೆಯಲ್ಲ, ಮುಖ ಸತ್ತ ಹೆಣದ ಥರ, ತುಟಿ ಮೇಲೆ ಬಾತುಕೊಬ್ಬು. ಅವತ್ತು ಹೊಳೀತು. ಇವಳೂ ತಾನೇ ಕೊಂದೆ ಅಂದ್ಕೊಂಡಿದಾಳೆ. ಹಂಗಾದ್ರೆ ನಮ್ಮತ್ತೇನೂ ಹಂಗೇ ಅಂದ್ಕೊಂಡಿದ್ಲೇನೋ. ಆಕೆನೂ ಗೂಡು ಹೋದ್ಮೇಲೆ ದಪ್ಪ ಆಗಿದ್ಲು." ಓಲ್ಮಾಳಿಗೆ ಸಿಟ್ಟು ಬಂತು, ಎಷ್ಟೋ ವರ್ಷದ ಸಿಟ್ಟು ಒಟ್ಟಿಗೆ. "ಗೊತ್ತಿದ್ದೂ ಹೇಳ್ಲಿಲ್ವಲ್ಲ ನೀವು! ನಾನು ಒಳಗೊಳಗೇ ಬೆಂದುಹೋದೆ." ಹಬೂರೆ ಕಣ್ಣು ತೆರೆದಳು. "ಹೇಳಿದ್ರೆ ಗಂಜಿ ತಿಂತಿದ್ದೆಯಾ? ಮಗು ಹೋದ್ಮೇಲೆ ಮೂಳೆ ಚಕ್ಕಳ ಆಗಿದ್ದೆ ನೀನು. ಎದುರಿಗೆ ಕೂರಿಸ್ಕೊಂಡು ತಿನ್ನು ಅನ್ನೋಕೆ ನನಗೆ ಬರ್ತಿರ್ಲಿಲ್ಲ. ನಮ್ಮತ್ತೆ ನನಗೆ ಅಂದಿದ್ರೆ ತಾನೇ ಬರೋದು." ಮತ್ತೆ ಕಣ್ಣು ಮುಚ್ಚಿ, "ಕೊಬ್ಬು ಎರಡು ಚಮಚ ಜಾಸ್ತಿ ಹಾಕ್ತಿದ್ದೆ. ದೇವಿಗೆ ಅಂತ" ಎಂದಳು.

ಓಲ್ಮಾ ಅತ್ತಳು. ಅಳುವಾಗ ಮೂಗು ಸೋರಿ ಅತ್ತೆಯ ಕೂದಲಿಗೆ ಬಿತ್ತು. ಹೊರಗೆ ಬಾತುಗಳು ಗದ್ದಲ ಮಾಡುತ್ತಿದ್ದವು, ಹಲಗೆಯ ಸಂದಿನಿಂದ ಬಿಸಿಲಿನ ಗೆರೆಗಳು ನೀರಿನ ಜೊತೆ ಅಲುಗುತ್ತ ಗೋಡೆಯ ಮೇಲೆ ಆಡುತ್ತಿದ್ದವು. ಬದುಕಿದ್ದಾಗ ಪಿಯೂ ಅವನ್ನು ಹಿಡಿಯಲು ಹೋಗುತ್ತಿತ್ತು. ಗೋಡೆಗೆ ಅಂಗೈ ಬಡಿದು, ಸಿಗಲಿಲ್ಲವೆಂದು ಅಜ್ಜಿಯ ಕಡೆ ತಿರುಗಿ ನೋಡುತ್ತಿತ್ತು, ಇವಳ ಕಡೆಗಲ್ಲ. ಅದೂ ಒಂದು ಹೊಟ್ಟೆಕಿಚ್ಚಾಗಿತ್ತು ಆಗ. "ಒಂದು ಕೆಲ್ಸ ಮಾಡು" ಎಂದಳು ಹಬೂರೆ. ಮಾತು ಮಾತಿನ ನಡುವೆ ಈಗ ದೊಡ್ಡ ದೊಡ್ಡ ತೆರಪು. "ನನ್ನ ಹೆಸರು ಕೂಗ್ತೀಯಲ್ಲ. ಅದರ ಹಿಂದೇನೇ ಅವಳದ್ದೂ ಕೂಗು. ಯಾರೂ ಕೂಗಿಲ್ಲ ಅವಳನ್ನ. ಸತ್ತಿದೀನಿ ಅಂತ ಅವಳಿಗೇ ಗೊತ್ತಿಲ್ಲ, ಪಾಪ. ಮನೆ ಮನೆ ತಿರುಗ್ತಿದಾಳೆ. ಹೊತ್ಕೊಂಡು ತಿರುಗಿಸ್ತಿರೋರು ನಾವೇ." "ಜನ ಏನಂತಾರೆ ಅತ್ತೆ? ನನ್ನ ಮನೇಲೇ ಸತ್ಲು ಅಂತಾರೆ. ನಾನೇ ಕೊಂದೆ ಅಂತಾರೆ. ಬೆಂಕಿ ಕೂಡ ಕೊಡಲ್ಲ ನಮಗೆ." "ಅನ್ಲಿ" ಎಂದಳು ಹಬೂರೆ. ಆಮೇಲೆ, "ಕೈ" ಎಂದಳು. ಓಲ್ಮಾ ಹಣೆಯ ಮೇಲೆ ಕೈಯಿಟ್ಟಳು, ಈ ಸಲ ನಡುಗಿಸದೆ. ಎದೆಯ ಗೊರಗೊರ ನಿಧಾನವಾಯಿತು. ಯಾವುದು ಕೊನೆಯ ಉಸಿರೆಂದು ಅವಳಿಗೆ ತಿಳಿಯಲಿಲ್ಲ. ಇನ್ನೊಂದು ಬರುತ್ತದೆ ಎಂದು ಕಾಯುತ್ತ ಕೂತೇ ಇದ್ದಳು, ಕೈಯೊಳಗಿನ ಹಣೆ ಇನ್ನಷ್ಟು ತಣ್ಣಗಾಗುವವರೆಗೆ.

ತೆರೀಕ್ ಬುಟ್ಟಿಗಳನ್ನು ಹೇರಿಕೊಂಡು ಮನೆಗೆ ತಿರುಗುವ ಹೊತ್ತು. ಬಿಸಿಲು ಇನ್ನೂ ಇತ್ತು. ಓಲ್ಮಾ ಅಟ್ಟಣೆಯ ಅಂಚಿಗೆ ಬಂದು ನಿಂತಳು. ಎದುರು ಮನೆಗಳ ಅಟ್ಟಣೆಗಳಲ್ಲಿ ಹೆಂಗಸರು ಮೀನು ಹರವುತ್ತಿದ್ದರು, ಜೊಂಡು ಸೀಳುತ್ತಿದ್ದರು. ಬಾಯಿ ತೆರೆದಾಗ ಮತ್ತೆ ಹಾಗೇ ಆದೀತೆಂದು ಹೆದರಿದಳು. ಆದರೆ ಧ್ವನಿ ಬಂತು, ಒರಟಾಗಿ, ಬಾತುಗಳನ್ನು ಕರೆಯುವ ಹಾಗೆ. "ಹಬೂರೆ! ಊಟಕ್ಕೆ ಬನ್ನಿ!" ಎಲ್ಲ ಕೈಗಳೂ ನಿಂತವು. ಎದುರಿನಿಂದ ಯಾರೋ ಲೊಚಗುಟ್ಟಿದರು, "ಪುಣ್ಯವಂತೆ, ಸುಯಾಲವ್ವ ಮನೇಲಿದ್ದಾಗಲೇ ಹೋದ್ಲು." ಒಬ್ಬಿಬ್ಬರು ನೀರಿನ ಕೊಡಕ್ಕಾಗಿ ಒಳಗೆ ತಿರುಗಿದರು. ಈಗ ಸುಮ್ಮನಿದ್ದುಬಿಟ್ಟರೆ ಎಲ್ಲವೂ ಮೊದಲಿನಂತೆ ನಡೆದುಹೋಗುತ್ತದೆ. ಗೂಡು ಮುಂದಿನ ಮನೆಗೆ ಹೋಗುತ್ತದೆ, ಇನ್ನೊಬ್ಬಳು ಪರದೆ ಸರಿಸುತ್ತಾಳೆ, ಗಂಜಿ ತಿಂದು ಅಳುತ್ತಾಳೆ. ಓಲ್ಮಾ ಅಟ್ಟಣೆಯ ಗಳವನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಸುಯಾಲೆ!" ಎಂದು ಕೂಗಿದಳು. "ಸುಯಾಲವ್ವಾ! ಊಟಕ್ಕೆ ಬಾರವ್ವಾ!"

ಕೂಗು ನೀರಿನ ಮೇಲೆ ಹೋಗಿ ಜೊಂಡಿನಲ್ಲಿ ಸೇರಿಕೊಂಡಿತು. ಅವಳು ಕಾದಳು. ನಾಚಿಕೆಯ ಮಾತು, ಓ ಎಂದು ಉತ್ತರ ಬರಲಿ ಎಂದು ಒಳಗೊಳಗೇ ಬೇಡಿಕೊಂಡಳು. ಬಂದರೆ ತಾನು ಕೆಟ್ಟವಳಾದರೂ ಆಗಲಿ, ಹುಚ್ಚಿಯಾದರೂ ಆಗಲಿ. ಬರಲಿಲ್ಲ. ಯಾರೂ ಬೈಯಲಿಲ್ಲ, ಯಾರೂ ಮೀನಿನ ತಲೆ ಎತ್ತಿ ಒಗೆಯಲಿಲ್ಲ. ಎಲ್ಲ ಅಟ್ಟಣೆಗಳ ಮೇಲೂ ಹೆಂಗಸರು ಹಾಗೇ ನಿಂತಿದ್ದರು, ಪ್ರತಿಯೊಬ್ಬಳೂ ತನ್ನ ಕಾಲಬುಡವನ್ನು ನೋಡುತ್ತ. ಗಂಡಸರು ಮಾತ್ರ ಏನಾಯ್ತು ಏನಾಯ್ತು ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಎಲ್ಲೋ ಒಂದು ಕಡೆಯಿಂದ ಮುದುಕಿಯೊಬ್ಬಳ ಅಳು ಶುರುವಾಯಿತು, ಸಣ್ಣ ಮಗು ಬೈಸಿಕೊಂಡು ಅಳುವ ಹಾಗೆ. ಮೊದಲು ಬಂದದ್ದು ಕುವಾಲಿಯ ದೋಣಿ. ಅವಳು ಹತ್ತಿ ಬಂದು ಓಲ್ಮಾಳ ಎದುರು ನಿಂತು, ಕೊಡವನ್ನು ಕೆಳಗಿಡುವುದನ್ನೂ ಮರೆತು, "ನಮ್ಮನೇಲೇ ಹೋಗಿದ್ದು ಅಂದ್ಕೊಂಡಿದ್ದೆ ಅಕ್ಕ. ನಾನು ಗಂಜಿ ಸೀಯಿಸಿಬಿಟ್ಟಿದ್ದೆ ಅವತ್ತು" ಎಂದಳು. ಹೇಳಿ ಮುಗಿಸುವ ಮೊದಲೇ ಅಳತೊಡಗಿದಳು. ಸುಯಾಲೆಯ ತಲೆ ಬಾಚಿದವಳು ಇವಳೇ ಇರಬೇಕು. "ಎಣ್ಣೆ ಹಾಕಿದ್ದು ನೀನಾ?" ಎಂದು ಕೇಳಿದಳು ಓಲ್ಮಾ. ಕುವಾಲಿ ತಲೆಯಾಡಿಸಿ, "ತಪ್ಪಾಯ್ತು ಅಂತ" ಎಂದಳು.

ಒಂದೊಂದಾಗಿ ದೋಣಿಗಳು ಬಂದು ಕಂಬಗಳಿಗೆ ತಾಗಿ ನಿಂತವು. ತೆರೀಕನ ದೋಣಿ ಎಲ್ಲಕ್ಕಿಂತ ಹಿಂದೆ ಸಿಕ್ಕಿಕೊಂಡಿತ್ತು. ಅವನು ಬುಟ್ಟಿಗಳ ನಡುವೆ ಎದ್ದು ನಿಂತು "ಅವ್ವಾ" ಎಂದು ಕೂಗಿದ, ಅವನ ಮುಖ ಅಳುವಾಗ ಹೇಗಾಗುತ್ತದೆಂದು ಓಲ್ಮಾ ಮೊದಲ ಸಲ ಸರಿಯಾಗಿ ನೋಡಿದಳು. ಕುವಾಲಿ ಬಗ್ಗಿ ಅಟ್ಟಣೆಯ ಕೆಳಗಿನಿಂದ ಸೋರೆಬುರುಡೆಯಲ್ಲಿ ನೀರು ಮೊಗೆದು ಕೊಡಕ್ಕೆ ಸುರಿಯುವ ಮೊದಲು, ಬೆಳಿಗ್ಗೆಯ ಹಾಗೆಯೇ, ಒಂದು ಗುಟುಕು ಕುಡಿದಳು. ಮುಖ ಕಿವುಚಿದಳು. "ಉಪ್ಪು" ಎಂದಳು. ಬುರುಡೆಯನ್ನು ಪಕ್ಕದವಳಿಗೆ ಕೊಟ್ಟಳು. ಅವಳೂ ಕುಡಿದು ಉಪ್ಪು ಎಂದಳು. ಅದು ಕೈಯಿಂದ ಕೈಗೆ ಹೋಗಿ ಓಲ್ಮಾಳ ಹತ್ತಿರ ಬಂತು. ಅವಳು ಕುಡಿದು, ಹೇಳಿ, ಎರಡು ಕೊಡ ತುಂಬಿಸಿಕೊಂಡು ಒಳಗೆ ಹೋದಳು. ತೊಳೆಯಬೇಕಾದವರು ಇಬ್ಬರಿದ್ದರು.